ಫರ್ಗುಸನ್‌ನಲ್ಲಿ ಗವರ್ನರ್ ಎಲ್ಲಿದ್ದರು?

2014ರ ನವೆಂಬರ್ 17, ಸೋಮವಾರ. ಅಮೆರಿಕದ ಮಿಸೌರಿ ರಾಜ್ಯದ ಗವರ್ನರ್ ಜೇ ನಿಕ್ಸನ್ ಅಂದು ತುರ್ತು ಪರಿಸ್ಥಿತಿ ಘೋಷಿಸಿ, ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್‌ನ ಸೈನಿಕರಿಗೆ ಸಿದ್ಧರಾಗಿರುವಂತೆ ಆದೇಶಿಸಿದ್ದರು. ಗಲಭೆ ಇನ್ನೂ ಆಗಿರಲಿಲ್ಲ. ಫರ್ಗುಸನ್ ಎಂಬ ಪುಟ್ಟ ಊರಿನಲ್ಲಿ ಮೂರು ತಿಂಗಳ ಹಿಂದೆ ಪೊಲೀಸನೊಬ್ಬ ಹಾರಿಸಿದ ಗುಂಡಿನ ಬಗ್ಗೆ ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ) ತೀರ್ಮಾನ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಬಂದ ಮೇಲೆ ಏನಾಗುತ್ತದೋ ಎಂಬ ಭಯ ಎಲ್ಲರಿಗೂ ಇತ್ತು. ಆದೇಶದ ನಂತರ ಗವರ್ನರ್ ಪತ್ರಕರ್ತರೊಂದಿಗೆ ಫೋನಿನಲ್ಲಿ ಮಾತನಾಡಿದರು. ಇಷ್ಟೆಲ್ಲ ಪಡೆಗಳನ್ನು ಒಟ್ಟುಗೂಡಿಸುತ್ತಿದ್ದೀರಿ, ಕೊನೆಯ ಹೊಣೆ ಯಾರದು, ನಿಮ್ಮದೇ ತಾನೇ ಎಂದು ಒಬ್ಬರು ಕೇಳಿದರು. ‘ಹೌದು’ ಎಂಬ ಒಂದೇ ಮಾತು ಸಾಕಾಗುವ ಪ್ರಶ್ನೆ. ನಿಕ್ಸನ್ ತಡವರಿಸಿದರು, ಎಲ್ಲರೂ ಸೇರಿ ಕೆಲಸ ಮಾಡುತ್ತಿದ್ದೇವೆ ಎಂದರು, ಇದನ್ನೆಲ್ಲ ತನ್ನೊಬ್ಬನಿಗೆ ಸಂಬಂಧಿಸಿದ್ದು ಎಂಬಂತೆ ನೋಡುವುದಿಲ್ಲ ಎಂದರು. ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಹೊಣೆ ಇಲ್ಲಿಗೆ ಬಂದು ನಿಲ್ಲುತ್ತದೆ ಎಂಬ ಫಲಕವನ್ನು ಶ್ವೇತಭವನದ ಮೇಜಿನ ಮೇಲೆ ಇಟ್ಟುಕೊಂಡಿದ್ದ ಹ್ಯಾರಿ ಟ್ರೂಮನ್ ಇದೇ ಮಿಸೌರಿಯವರು. ಆ ಫಲಕದ ಹಿಂಬದಿಯಲ್ಲಿ ‘ನಾನು ಮಿಸೌರಿಯವನು’ ಎಂದೇ ಬರೆದಿತ್ತು. ಹಾಗಾಗಿ ನಿಕ್ಸನ್ ಅವರ ಆ ಉತ್ತರ ರಾಜ್ಯದ ಪತ್ರಿಕೆಗಳಿಗೆ ಬಿಟ್ಟಿ ಹಬ್ಬವಾಯಿತು. ನಗುವುದು ಸುಲಭ. ನನಗೆ ಮಾತ್ರ ಆ ತಡವರಿಕೆಯಲ್ಲಿ ಒಬ್ಬ ಮನುಷ್ಯನ ದೌರ್ಬಲ್ಯದ ಜೊತೆಗೆ ಒಂದು ವ್ಯವಸ್ಥೆಯ ನಕ್ಷೆಯೂ ಕಾಣುತ್ತದೆ. ಪೊಲೀಸರ ಗುಂಡಿಗೆ ಒಬ್ಬ ಸತ್ತಾಗ ರಾಜ್ಯದ ಮುಖ್ಯಸ್ಥನ ಕೈಯಲ್ಲಿ ಏನಿರುತ್ತದೆ, ಏನಿರುವುದಿಲ್ಲ, ಇರುವುದನ್ನು ಅವನು ಏಕೆ ಬಳಸುವುದಿಲ್ಲ ಎಂಬ ಪ್ರಶ್ನೆಗಳು ಆ ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ.

ಆಗ ನಾನು ಸೇಂಟ್ ಲೂಯಿಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಪಶ್ಚಿಮ ಭಾಗದಲ್ಲಿದ್ದೆ. ನಮ್ಮವರು ಹೆಚ್ಚಾಗಿ ನೆಲೆಸುವುದು ಆ ಕಡೆಯೇ. ಒಳ್ಳೆಯ ಶಾಲೆಗಳು, ವೀಡ್‌ಮನ್ ರಸ್ತೆಯ ದೇವಸ್ಥಾನ, ದಿನಸಿ ಅಂಗಡಿ ಎಲ್ಲವೂ ಹತ್ತಿರ. ಫರ್ಗುಸನ್ ಅದೇ ಕೌಂಟಿಯ ಉತ್ತರ ಭಾಗದಲ್ಲಿದೆ, ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಬೆಂಗಳೂರಿಗೆ ಹೊರಟಾಗಲೆಲ್ಲ ನಾವು ಹೋಗುತ್ತಿದ್ದ ವಿಮಾನ ನಿಲ್ದಾಣ ಅದರ ಮಗ್ಗುಲಲ್ಲೇ ಇದೆ. ಎಮರ್ಸನ್ ಎಂಬ ದೊಡ್ಡ ಕಂಪನಿಯ ಕೇಂದ್ರ ಕಚೇರಿ ಆಗ ಇದ್ದದ್ದು ಪ್ರತಿಭಟನೆ ನಡೆದ ವೆಸ್ಟ್ ಫ್ಲಾರಿಸೆಂಟ್ ರಸ್ತೆಯಲ್ಲೇ. ಇಷ್ಟಾದರೂ ನಮ್ಮಲ್ಲಿ ಅನೇಕರು ಆ ಊರಿನೊಳಗೆ ಕಾಲಿಟ್ಟವರಲ್ಲ. ಸಿಎನ್‌ಎನ್‌ನಲ್ಲಿ ನಮ್ಮದೇ ಕೌಂಟಿಯನ್ನು ಬೇರೆ ದೇಶವೆಂಬಂತೆ ನೋಡುತ್ತಾ ಕುಳಿತಿದ್ದೆವು.

ನಡೆದದ್ದು ಇಷ್ಟು. ಆಗಸ್ಟ್ 9ರ ಶನಿವಾರ ಮಧ್ಯಾಹ್ನ ಕ್ಯಾನ್‌ಫೀಲ್ಡ್ ಡ್ರೈವ್ ಎಂಬ ರಸ್ತೆಯಲ್ಲಿ 18 ವರ್ಷದ ಕಪ್ಪು ಯುವಕ ಮೈಕೇಲ್ ಬ್ರೌನ್‌ಗೆ ಬಿಳಿಯ ಪೊಲೀಸ್ ಅಧಿಕಾರಿ ಡ್ಯಾರೆನ್ ವಿಲ್ಸನ್ ಗುಂಡು ಹಾರಿಸಿದ. ಬ್ರೌನ್ ನಿರಾಯುಧನಾಗಿದ್ದ. ಶವ ಸುಮಾರು ನಾಲ್ಕು ಗಂಟೆ ನಡುರಸ್ತೆಯಲ್ಲಿ ಬಿದ್ದಿತ್ತು. ಆಗಸ್ಟ್ ತಿಂಗಳ ಮಿಸೌರಿಯ ಸೆಕೆ ಎಂಥದ್ದೆಂದು ಅಲ್ಲಿದ್ದವರಿಗೇ ಗೊತ್ತು. ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಂದ ಮಕ್ಕಳೂ ಅದನ್ನು ನೋಡಿದರು. ಆ ಊರಿನ ಸುಮಾರು 21,000 ಜನರಲ್ಲಿ ಮೂರನೇ ಎರಡು ಭಾಗ ಕಪ್ಪು ಜನ, 53 ಪೊಲೀಸರಲ್ಲಿ ಕಪ್ಪು ಜನಾಂಗದವರು ಮೂವರು. ಮರುದಿನ ರಾತ್ರಿ ಒಂದು ಪೆಟ್ರೋಲ್ ಬಂಕಿಗೆ ಬೆಂಕಿ ಬಿತ್ತು. ಅದಾದ ಮೇಲೆ ಅಶ್ರುವಾಯು, ಯುದ್ಧಭೂಮಿಯ ವಾಹನಗಳಂತಹ ಪೊಲೀಸ್ ಟ್ರಕ್ಕುಗಳು, ಅವುಗಳ ಮೇಲೆ ಜನರತ್ತ ಬಂದೂಕು ಗುರಿಯಿಟ್ಟು ಕುಳಿತವರು. 13ರ ಸಂಜೆ ಮೆಕ್‌ಡೊನಾಲ್ಡ್ಸ್‌ನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಇಬ್ಬರು ವರದಿಗಾರರನ್ನೂ ಬಂಧಿಸಿದರು.

ಆ ಮೊದಲ ದಿನಗಳಲ್ಲಿ ಗವರ್ನರ್ ಎಲ್ಲಿದ್ದಾರೆ ಎಂದು ಎಲ್ಲರೂ ಕೇಳುತ್ತಿದ್ದರು. 12ರಂದು ಅವರು ಒಂದು ಚರ್ಚ್ ಸಭೆಗೆ ಬಂದು ಹೋಗಿದ್ದರು, ಅಷ್ಟೇ. ಸೆಡಾಲಿಯಾದ ರಾಜ್ಯ ಮೇಳಕ್ಕೆ ಹೋಗುವ ಕಾರ್ಯಕ್ರಮವನ್ನು ರದ್ದು ಮಾಡಿದ್ದು ಟೀಕೆ ತಾರಕಕ್ಕೇರಿದ ಮೇಲೆ.

ದೇವಸ್ಥಾನದ ಊಟದ ಹಾಲಿನಲ್ಲಿ ನಡೆದ ಒಂದು ಮಾತುಕತೆ ನೆನಪಾಗುತ್ತದೆ. ಮಗನ ಮನೆಗೆಂದು ಬಂದಿದ್ದ ಮೈಸೂರಿನ ನಿವೃತ್ತ ತಹಶೀಲ್ದಾರರೊಬ್ಬರು ಪುಳಿಯೋಗರೆಯ ತಟ್ಟೆ ಹಿಡಿದು ನನ್ನ ಪಕ್ಕ ಕುಳಿತರು. ದಿನವಿಡೀ ಟಿವಿ ನೋಡಿ ವಿಷಯವನ್ನೆಲ್ಲ ಅರೆದು ಕುಡಿದಿದ್ದರು. “ಅಲ್ಲಪ್ಪಾ, ಇಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗಲ್ಲ, ಮುಖ್ಯಮಂತ್ರಿಯ ಹಾಗೆ ತಾನೇ? ಒಂದು ಆದೇಶ ಹೊರಡಿಸಿ ಕೇಸನ್ನು ಸಿಐಡಿಗೆ ಕೊಟ್ಟುಬಿಟ್ಟರೆ ಮುಗಿಯಿತಲ್ಲ?” ಎಂದರು. ಅವರ ಇಡೀ ವೃತ್ತಿಜೀವನದ ಅನುಭವ ಆ ಪ್ರಶ್ನೆಯಲ್ಲಿತ್ತು. ನಮ್ಮಲ್ಲಿ ನಡೆಯುವುದು ಹಾಗೆಯೇ. ಮುಂದೆ 2019ರ ಡಿಸೆಂಬರ್‌ನಲ್ಲಿ ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಸತ್ತಾಗಲೂ ರಾಜ್ಯ ಸರ್ಕಾರ ಉಡುಪಿ ಜಿಲ್ಲಾಧಿಕಾರಿಗೆ ಮ್ಯಾಜಿಸ್ಟೀರಿಯಲ್ ವಿಚಾರಣೆ ಒಪ್ಪಿಸಿ, ಸಿಐಡಿ ತನಿಖೆಗೂ ಆದೇಶಿಸಿತು. ಅಂಥ ವಿಚಾರಣೆಗಳಿಂದ ಕೊನೆಗೆ ಏನು ಹೊರಬರುತ್ತದೆ ಎಂಬುದು ಬೇರೆ ಮಾತು. ಆದೇಶ ಹೊರಡಿಸಲು ಮಾತ್ರ ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

“ಇಲ್ಲ ಸಾರ್, ಇಲ್ಲಿ ಅಷ್ಟು ಸಲೀಸಲ್ಲ” ಎಂದೆ. ಊರಿನ ಪೊಲೀಸರು ಊರಿನ ಮೇಯರ್ ಮತ್ತು ಕೌನ್ಸಿಲ್ಲಿಗೆ ಸೇರಿದವರು, ರಾಜ್ಯಕ್ಕಲ್ಲ. ಆರೋಪ ಹೊರಿಸಬೇಕೋ ಬೇಡವೋ ಎಂದು ನಿರ್ಧರಿಸುವ ಕೌಂಟಿಯ ಪ್ರಾಸಿಕ್ಯೂಟರ್ ಸರ್ಕಾರ ನೇಮಿಸಿದ ವಕೀಲನಲ್ಲ, ಜನರಿಂದ ಆರಿಸಿ ಬಂದವನು. ಗವರ್ನರ್ ಅವನಿಗೆ ಮೇಲಧಿಕಾರಿಯಲ್ಲ. ಗವರ್ನರನಿಗೆ ನ್ಯಾಷನಲ್ ಗಾರ್ಡ್ ಇದೆ, ಹೈವೇ ಪ್ಯಾಟ್ರೋಲ್ ಎಂಬ ರಾಜ್ಯ ಪೊಲೀಸ್ ಪಡೆ ಇದೆ, ಶಿಕ್ಷೆ ಮನ್ನಾ ಮಾಡುವ ಅಧಿಕಾರವಿದೆ, ತುರ್ತು ಪರಿಸ್ಥಿತಿ ಘೋಷಿಸುವ ಅಧಿಕಾರವಿದೆ. ತನಿಖೆಯ ಒಳಗೆ ಕೈಹಾಕುವ ದಾರಿ ಮಾತ್ರ ಬಹಳ ಕಿರಿದು. ತಹಶೀಲ್ದಾರರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಬೀದಿಗೆ ಸೈನ್ಯ ಕಳಿಸಬಹುದು, ಕಡತ ಮಾತ್ರ ತರಿಸಿಕೊಳ್ಳುವ ಹಾಗಿಲ್ಲ” ಎಂದರು. ಅಮೆರಿಕದ ಗವರ್ನರನ ಅಧಿಕಾರವನ್ನು ಇಷ್ಟು ಚೊಕ್ಕವಾಗಿ ಯಾವ ಟಿವಿ ಪಂಡಿತನೂ ಹೇಳಿದ್ದು ನಾನು ಕೇಳಿಲ್ಲ.

ಈ ಹಂಚಿಕೆಗೆ ಮಿಸೌರಿಯಲ್ಲಿ ಒಂದು ವಿಚಿತ್ರ ಅಪವಾದ ಇತ್ತು. 1861ರಲ್ಲಿ, ಅಂತರ್ಯುದ್ಧ ಶುರುವಾಗುವ ಹೊತ್ತಿಗೆ, ದಕ್ಷಿಣದವರ ಪರ ಒಲವಿದ್ದ ರಾಜ್ಯ ಸರ್ಕಾರ ಸೇಂಟ್ ಲೂಯಿಸ್ ನಗರದ ಪೊಲೀಸರನ್ನು ನಗರದ ಕೈಯಿಂದ ಕಿತ್ತುಕೊಂಡು, ಗವರ್ನರ್ ನೇಮಿಸುವ ಮಂಡಳಿಗೆ ಒಪ್ಪಿಸಿತು. ಯುದ್ಧ ಮುಗಿದು ಗುಲಾಮಗಿರಿ ಹೋಗಿ ಒಂದೂವರೆ ಶತಮಾನವಾದರೂ ಆ ಮಂಡಳಿ ಹೋಗಲಿಲ್ಲ. 2012ರ ಜನಮತದ ನಂತರ, 2013ರಲ್ಲಷ್ಟೇ ಪೊಲೀಸರು ನಗರಕ್ಕೆ ಮರಳಿದರು. ಫರ್ಗುಸನ್ ಆ ನಗರದ ಗಡಿಯ ಆಚೆ, ಕೌಂಟಿಯಲ್ಲಿದೆ. ಗವರ್ನರನ ಹಿಡಿತ ಇದ್ದದ್ದು ಪಕ್ಕದ ಊರಿನ ಪೊಲೀಸರ ಮೇಲೆ, ಅದೂ ಹಿಂದಿನ ವರ್ಷದವರೆಗೆ.

ಈಗ ಪ್ರಾಸಿಕ್ಯೂಟರ್ ವಿಷಯಕ್ಕೆ ಬರೋಣ. ಕಥೆಯ ಗಂಟು ಇರುವುದು ಅಲ್ಲೇ.

ಬಾಬ್ ಮೆಕಲಕ್ 1991ರಿಂದ ಆ ಹುದ್ದೆಯಲ್ಲಿದ್ದವರು. ಅವರ ತಂದೆ ಸೇಂಟ್ ಲೂಯಿಸ್ ನಗರದ ಪೊಲೀಸ್. 1964ರಲ್ಲಿ ಪ್ರುಯಿಟ್-ಐಗೋ ವಸತಿ ಸಮುಚ್ಚಯದಲ್ಲಿ ಕಪ್ಪು ಮನುಷ್ಯನೊಬ್ಬನ ಗುಂಡಿಗೆ ಬಲಿಯಾದರು. ಆಗ ಬಾಬ್‌ಗೆ 12 ವರ್ಷ. ಹದಿಹರೆಯದಲ್ಲಿ ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡದ್ದರಿಂದ ತಾವು ಪೊಲೀಸ್ ಆಗಲಾಗಲಿಲ್ಲ. ಕುಟುಂಬದಲ್ಲಿ ಇನ್ನೂ ಪೊಲೀಸರಿದ್ದರು. 2000ದಲ್ಲಿ ಒಂದು ತಿನಿಸಿನಂಗಡಿಯ ಪಾರ್ಕಿಂಗ್ ಜಾಗದಲ್ಲಿ ಇಬ್ಬರು ನಿರಾಯುಧ ಕಪ್ಪು ಜನರನ್ನು ಪೊಲೀಸರು ಗುಂಡಿಟ್ಟು ಕೊಂದಾಗಲೂ ಇವರ ಕಚೇರಿ ಪ್ರಕರಣವನ್ನು ಗ್ರ್ಯಾಂಡ್ ಜ್ಯೂರಿಗೆ ಒಯ್ದಿತ್ತು. ಆಗಲೂ ದೋಷಾರೋಪ ಬಂದಿರಲಿಲ್ಲ. ಇಷ್ಟರಿಂದ ಈ ಮನುಷ್ಯ ಅನ್ಯಾಯ ಮಾಡಿಯೇ ಮಾಡುತ್ತಾನೆ ಎಂದು ಯಾರೂ ಹೇಳುವ ಹಾಗಿಲ್ಲ. ತಂದೆಯ ಸಾವು ತಪ್ಪೊಪ್ಪಿಗೆಯಲ್ಲ. ಆದರೆ ಕ್ಯಾನ್‌ಫೀಲ್ಡ್ ಡ್ರೈವ್‌ನಲ್ಲಿ ನಿಂತ ತಾಯಿಯೊಬ್ಬಳು ಈ ಮನುಷ್ಯನ ಕೈಯಿಂದ ಬಂದ ತೀರ್ಮಾನವನ್ನು ನಂಬುತ್ತಾಳೆಯೇ ಎಂದು ಕೇಳಿಕೊಂಡರೆ ಉತ್ತರಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಅವರು ಪ್ರಕರಣದಿಂದ ಹಿಂದೆ ಸರಿಯಬೇಕು ಎಂಬ ಮನವಿಗೆ ಸುಮಾರು 70,000 ಸಹಿಗಳು ಬಂದವು. ರಾಜ್ಯದ ಸೆನೆಟರ್ ಜಮಿಲಾ ನಶೀದ್ ಅದನ್ನು ಕ್ಲೇಟನ್‌ನ ಅವರ ಕಚೇರಿಗೆ ಒಯ್ದರು.

ಮೆಕಲಕ್ ಜಗ್ಗಲಿಲ್ಲ. ಜನ ತನ್ನನ್ನು ಆರಿಸಿದ್ದಾರೆ, ಕರ್ತವ್ಯದಿಂದ ಓಡಿಹೋಗುವುದಿಲ್ಲ ಎಂದರು. ಆರಿಸಿದ್ದೂ ನಿಜವೇ, ಗುಂಡು ಹಾರುವ ನಾಲ್ಕೇ ದಿನ ಮುಂಚೆ, ಆಗಸ್ಟ್ 5ರಂದು, ಅವರು ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಗೆದ್ದಿದ್ದರು. ಅದೇ ದಿನ ಕೌಂಟಿಯ ಮೊದಲ ಕಪ್ಪು ಮುಖ್ಯಾಧಿಕಾರಿ ಚಾರ್ಲಿ ಡೂಲಿ, ಮೆಕಲಕ್ ಬೆಂಬಲಿಸಿದ ಸ್ಟೀವ್ ಸ್ಟೆಂಗರ್ ಎದುರು ಸೋತಿದ್ದರು. (ಸ್ಟೆಂಗರ್ 2019ರಲ್ಲಿ ಭ್ರಷ್ಟಾಚಾರಕ್ಕಾಗಿ ಜೈಲಿಗೆ ಹೋದರು. ರಾಜಕೀಯದಲ್ಲಿ ಇಂಥ ಅಡಿಟಿಪ್ಪಣಿಗಳು ತಾವಾಗಿಯೇ ಬರೆದುಕೊಳ್ಳುತ್ತವೆ.) ಹೀಗೆ ಉತ್ತರ ಕೌಂಟಿಯ ಕಪ್ಪು ಮತದಾರರು ಮೊದಲೇ ಕುದಿಯುತ್ತಿದ್ದರು. ನಿಕ್ಸನ್ ಕೂಡ ಅದೇ ಪಕ್ಷದವರು. ಎದುರು ಪಕ್ಷದ ಪ್ರಾಸಿಕ್ಯೂಟರ್ ಆಗಿದ್ದರೆ ಅವರ ಲೆಕ್ಕಾಚಾರ ಬೇರೆ ಇರುತ್ತಿತ್ತೇನೋ.

ಈ ಇಬ್ಬರ ನಡುವೆ ಆ ಎರಡು ವಾರ ನಡೆದದ್ದನ್ನು ಸಾವಧಾನವಾಗಿ ನೋಡಬೇಕು. 14ರಂದು ನಿಕ್ಸನ್ ಬೀದಿಯ ಉಸ್ತುವಾರಿಯನ್ನು ಕೌಂಟಿ ಪೊಲೀಸರಿಂದ ತೆಗೆದು ಹೈವೇ ಪ್ಯಾಟ್ರೋಲ್‌ನ ಕ್ಯಾಪ್ಟನ್ ರಾನ್ ಜಾನ್ಸನ್‌ಗೆ ವಹಿಸಿದರು. ಜಾನ್ಸನ್ ಅದೇ ಸೀಮೆಯಲ್ಲಿ ಬೆಳೆದ ಕಪ್ಪು ಅಧಿಕಾರಿ. ಆ ಸಂಜೆ ಅವರು ರಕ್ಷಾಕವಚವಿಲ್ಲದೆ ಪ್ರತಿಭಟನಕಾರರ ಜೊತೆ ಹೆಜ್ಜೆ ಹಾಕಿದರು. ಒಂದು ರಾತ್ರಿಯ ಮಟ್ಟಿಗೆ ಅಶ್ರುವಾಯುವಿನ ಜಾಗದಲ್ಲಿ ಕಾರುಗಳ ಹಾರ್ನ್, ಹಾಡು, ಅಪ್ಪುಗೆ. ನಿಕ್ಸನ್ ಮಾಡಿದ ಕೆಲಸಗಳಲ್ಲಿ ನನಗೆ ಸಂಪೂರ್ಣ ಸರಿ ಎನಿಸಿದ್ದು ಇದೊಂದೇ. ಮೆಕಲಕ್ ಮಾತ್ರ ಇದನ್ನು ನಾಚಿಕೆಗೇಡು ಎಂದರು, ಗವರ್ನರನಿಗೆ ಇದಕ್ಕೆ ಕಾನೂನಿನ ಅಧಿಕಾರವೇ ಇಲ್ಲ ಎಂದರು. ಗುಂಡಿನ ತನಿಖೆಯ ಸಾಕ್ಷ್ಯ ಕಲೆಹಾಕುತ್ತಿದ್ದದ್ದು ಅದೇ ಕೌಂಟಿ ಪೊಲೀಸರು. ತೂಕ ಹಾಕಬೇಕಾದವರು ಹೀಗೆ ಬಹಿರಂಗವಾಗಿ ಒಂದು ತಟ್ಟೆಯ ಕಡೆ ವಾಲಿ ನಿಂತಿದ್ದರು.

ಮರುದಿನ ಫರ್ಗುಸನ್ ಪೊಲೀಸ್ ಮುಖ್ಯಸ್ಥರು ವಿಲ್ಸನ್ ಹೆಸರನ್ನು ಬಹಿರಂಗಪಡಿಸಿದರು. ಜೊತೆಗೆ, ಬ್ರೌನ್ ಸ್ವಲ್ಪ ಮುಂಚೆ ಅಂಗಡಿಯಿಂದ ಸಿಗಾರ್ ಕಿತ್ತುಕೊಂಡು ಹೋದನೆಂದು ತೋರಿಸುವ ವಿಡಿಯೊವನ್ನೂ ಹೊರಬಿಟ್ಟರು. ನಿಕ್ಸನ್ ಅದನ್ನು ಟೀಕಿಸಿದರು. ಸಿಕ್ಕಿದ್ದ ಒಂದು ರಾತ್ರಿಯ ಶಾಂತಿ ಹಾಳಾಯಿತು. 16ರಂದು ತುರ್ತು ಪರಿಸ್ಥಿತಿ, ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಕರ್ಫ್ಯೂ. ಅದನ್ನು ಘೋಷಿಸಿದ್ದು ಒಂದು ಚರ್ಚಿನಲ್ಲಿ. ಸಭೆಯಲ್ಲಿದ್ದ ಜನ ಗವರ್ನರನ ಮಾತನ್ನು ತಡೆತಡೆದು ಕೂಗಿದರು. ನಮಗೆ ನಿದ್ದೆ ಬೇಕಿಲ್ಲ, ನ್ಯಾಯ ಬೇಕು, ಆ ಪೊಲೀಸನ ಮೇಲೆ ಯಾವಾಗ ಕೇಸು ಹಾಕುತ್ತೀರಿ ಎಂಬುದೇ ಕೂಗಿನ ಸಾರ. ಮೈಕಿನ ಮುಂದೆ ನಿಂತ ನಿಕ್ಸನ್ ಮುಖ ಟಿವಿಯಲ್ಲಿ ಚೆನ್ನಾಗಿ ನೆನಪಿದೆ. ಬೀದಿಯ ಬಗ್ಗೆ ಮಾತನಾಡಲು ಬಂದಿದ್ದರು, ಜನ ತನಿಖೆಯ ಬಗ್ಗೆ ಕೇಳುತ್ತಿದ್ದರು. 18ರಂದು ಕರ್ಫ್ಯೂ ತೆಗೆದು ನ್ಯಾಷನಲ್ ಗಾರ್ಡ್ ಕರೆಸಿದರು, 21ರಂದು ಅದನ್ನೂ ವಾಪಸ್ ಕಳಿಸಲು ಶುರು ಮಾಡಿದರು.

19ರಂದು ನಿಕ್ಸನ್ ಒಂದು ವಿಡಿಯೊ ಹೇಳಿಕೆ ಬಿಡುಗಡೆ ಮಾಡಿದರು. ಅದರಲ್ಲಿ, ಮೈಕೇಲ್ ಬ್ರೌನ್ ಕುಟುಂಬಕ್ಕೆ ನ್ಯಾಯ ಸಿಗಬೇಕಾದರೆ ಈಗ ಬಿರುಸಾದ ಕಾನೂನು ಕ್ರಮ, ಅಂದರೆ ಪ್ರಾಸಿಕ್ಯೂಷನ್ನೇ, ನಡೆಯಬೇಕು ಎಂದರು. ಗ್ರ್ಯಾಂಡ್ ಜ್ಯೂರಿ ಇನ್ನೂ ಒಂದು ಸಾಕ್ಷಿಯನ್ನೂ ಕೇಳಿರಲಿಲ್ಲ. ತನಿಖೆ ಮುಗಿಯುವ ಮುನ್ನವೇ ತೀರ್ಪು ಕೊಟ್ಟ ಹಾಗಾಯಿತಲ್ಲ ಎಂದು ಅವರದೇ ಲೆಫ್ಟಿನೆಂಟ್ ಗವರ್ನರ್, ರಿಪಬ್ಲಿಕನ್ ಪಕ್ಷದ ಪೀಟರ್ ಕಿಂಡರ್ ಹರಿಹಾಯ್ದರು. ಅಚ್ಚರಿಯೆಂದರೆ ಅದೇ ದಿನ ನಿಕ್ಸನ್, ಹಿಂದೆ ಸರಿಯುವಂತೆ ಮೆಕಲಕ್ ಅವರನ್ನು ಕೇಳುವುದಿಲ್ಲ ಎಂದೂ ಹೇಳಿದರು. ಪ್ರಾಸಿಕ್ಯೂಟರ್ ತಾನೇ ಸರಿದು ವಿಶೇಷ ಪ್ರಾಸಿಕ್ಯೂಟರ್ ಬರುವುದಕ್ಕೆ ಸ್ಥಾಪಿತ ಕ್ರಮವಿದೆ, ಅದನ್ನು ಮೀರಿದರೆ ಪ್ರಕರಣಕ್ಕೆ ಕಾನೂನಿನ ತೊಡಕು ಬರಬಹುದು ಎಂಬುದು ಅವರ ವಾದ.

ಮೆಕಲಕ್ ರೇಡಿಯೊದಲ್ಲಿ ತಿರುಗೇಟು ಕೊಟ್ಟರು. ತುರ್ತು ಪರಿಸ್ಥಿತಿ ಘೋಷಿಸಿದ್ದರಿಂದ ನನ್ನನ್ನು ಪ್ರಕರಣದಿಂದ ತೆಗೆಯುವ ಅಧಿಕಾರ ನಿಮಗೆ ಬಂದಿದೆ. ಗಂಡಸಾಗಿ ನಿಂತು ಈಗಲೇ ನಿರ್ಧಾರ ಹೇಳಿ, ತಿಂಗಳ ನಂತರ ಕೇಸು ಕಿತ್ತುಕೊಂಡರೆ ಎಲ್ಲವೂ ಮೊದಲಿನಿಂದ ಶುರುವಾಗಬೇಕಾಗುತ್ತದೆ ಎಂಬ ಧಾಟಿ. ಗಂಡಸುತನದ ಸವಾಲು ನನಗೆ ಹಿಡಿಸಲಿಲ್ಲ. ಆದರೆ ಒಳಗಿನ ಪ್ರಶ್ನೆ ನ್ಯಾಯವಾದದ್ದೇ. ನೀನೇ ಸರಿ ಎಂದು ಇವರು ಅವರತ್ತ ತೋರಿಸುತ್ತಾರೆ, ನೀನೇ ತೆಗೆ ಎಂದು ಅವರು ಇವರತ್ತ ತೋರಿಸುತ್ತಾರೆ. ನಡುವೆ ಒಂದು ಶವದ ಕಡತ.

ನಿಜಕ್ಕೂ ನಿಕ್ಸನ್ ಕೈಯಲ್ಲಿ ಏನಿತ್ತು? ತುರ್ತು ಪರಿಸ್ಥಿತಿಯ ಕಾನೂನು ಚುನಾಯಿತ ಪ್ರಾಸಿಕ್ಯೂಟರನ್ನು ಬದಿಗೆ ಸರಿಸುವಷ್ಟು ದೂರ ಹೋಗುತ್ತದೆಯೇ ಎಂಬುದು ವಕೀಲರು ವರ್ಷಗಟ್ಟಲೆ ಜಗಳವಾಡಬಹುದಾದ ವಿಷಯ. ಭೂಕಂಪ, ಪ್ರವಾಹ, ದಂಗೆಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕಾನೂನು ಅದು. ಅಲ್ಲಿ ನಿಕ್ಸನ್ ಹಿಂಜರಿದದ್ದು ನನಗೆ ಅರ್ಥವಾಗುತ್ತದೆ. ಆದರೆ ಮಿಸೌರಿಯ ಕಾನೂನು ಸಂಹಿತೆಯಲ್ಲಿ ಇನ್ನೊಂದು ಸೆಕ್ಷನ್ ಇದೆ, 27.030. ಗವರ್ನರ್ ನಿರ್ದೇಶಿಸಿದರೆ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲ), ಗ್ರ್ಯಾಂಡ್ ಜ್ಯೂರಿಯ ವಿಚಾರಣೆಯೂ ಸೇರಿದಂತೆ, ಪ್ರಾಸಿಕ್ಯೂಟರ್‌ಗೆ ನೆರವಾಗಬೇಕು ಎನ್ನುತ್ತದೆ ಅದು. ಯಾರನ್ನೂ ತೆಗೆಯಬೇಕಿಲ್ಲ, ಆ ಕೋಣೆಯಲ್ಲಿ ಮೆಕಲಕ್ ಕಚೇರಿಯವರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿದರೆ ಸಾಕಿತ್ತು. ಈ ಸೆಕ್ಷನ್ ನಿಕ್ಸನ್‌ಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗವರ್ನರ್ ಆಗುವ ಮುಂಚೆ ಅವರು 16 ವರ್ಷ ಅದೇ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು.

ನನ್ನ ತಕರಾರು ಇಷ್ಟೇ. ಅಧಿಕಾರವಿಲ್ಲದ ಕಡೆ, ಅಂದರೆ ತನಿಖೆ ಯಾವ ತೀರ್ಮಾನಕ್ಕೆ ಬರಬೇಕು ಎಂಬುದರಲ್ಲಿ, ಅವರು ಬಾಯಿಬಿಟ್ಟರು. ಅಧಿಕಾರವಿದ್ದ ಕಡೆ, ಅಂದರೆ ತನಿಖೆಯನ್ನು ಯಾರು ನಡೆಸಬೇಕು ಎಂಬುದರಲ್ಲಿ, ಕೈಕಟ್ಟಿ ಕುಳಿತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಪರಿಣಾಮವಾಗಿ ಪೊಲೀಸರ ಪರ ಇದ್ದವರಿಗೆ ಅವರು ಪೂರ್ವಗ್ರಹಿಯಾಗಿ ಕಂಡರು, ಫರ್ಗುಸನ್ ಜನರಿಗೆ ಹೇಡಿಯಾಗಿ ಕಂಡರು. ಎರಡೂ ಕಡೆಯವರನ್ನು ಒಟ್ಟಿಗೆ ಕಳೆದುಕೊಳ್ಳುವುದಕ್ಕೂ ಒಂದು ಬಗೆಯ ಕೌಶಲ ಬೇಕು.

ಕಪ್ಪು ಸಮುದಾಯದ ನಾಯಕರಿಗೆ ನಿಕ್ಸನ್ ಮೇಲೆ ಮೊದಲೇ ನಂಬಿಕೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅಟಾರ್ನಿ ಜನರಲ್ ಆಗಿದ್ದಾಗ ಸೇಂಟ್ ಲೂಯಿಸ್ ಮತ್ತು ಕ್ಯಾನ್ಸಾಸ್ ಸಿಟಿಗಳಲ್ಲಿ ಕಪ್ಪು-ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಕಲಿಯುವಂತೆ ಕೋರ್ಟ್ ಮಾಡಿಸಿದ್ದ ಏರ್ಪಾಡುಗಳನ್ನು ಮುಗಿಸಲು ಅವರು ಕೋರ್ಟಿನಲ್ಲಿ ಹೋರಾಡಿದ್ದರು. ಇನ್ನೊಂದು ಕಡೆ, 2011ರ ಮೇ ತಿಂಗಳಲ್ಲಿ ಜಾಪ್ಲಿನ್ ಪಟ್ಟಣವನ್ನು ಸುಂಟರಗಾಳಿ ಸೀಳಿಕೊಂಡು ಹೋಗಿ 150ಕ್ಕೂ ಹೆಚ್ಚು ಜನ ಸತ್ತಾಗ ಇದೇ ನಿಕ್ಸನ್ ಅವಶೇಷಗಳ ನಡುವೆ ನಿಂತು ಕೆಲಸ ಮಾಡಿಸಿ ಎಲ್ಲರಿಂದ ಭೇಷ್ ಎನಿಸಿಕೊಂಡಿದ್ದರು. ಸುಂಟರಗಾಳಿಯ ವಿಷಯದಲ್ಲಿ ಯಾರ ಪರ ನಿಲ್ಲಬೇಕು ಎಂಬ ಪ್ರಶ್ನೆ ಏಳುವುದಿಲ್ಲ.

ನವೆಂಬರ್ 24. ಹನ್ನೆರಡು ಜನರ ಗ್ರ್ಯಾಂಡ್ ಜ್ಯೂರಿ, ಒಂಬತ್ತು ಬಿಳಿಯರು, ಮೂವರು ಕಪ್ಪು ಜನ. ದೋಷಾರೋಪಕ್ಕೆ ಒಂಬತ್ತು ಮತ ಬೇಕು. 25 ದಿನ ಕುಳಿತು 60 ಸಾಕ್ಷಿಗಳನ್ನು ಕೇಳಿದ್ದರು. ಇಂಥದ್ದೇ ಆರೋಪ ಹೊರಿಸಿ ಎಂದು ಪ್ರಾಸಿಕ್ಯೂಟರ್ ಸಾಮಾನ್ಯವಾಗಿ ಜ್ಯೂರಿಗೆ ಹೇಳುತ್ತಾರೆ. ಇಲ್ಲಿ ಮೆಕಲಕ್ ಕಚೇರಿ ಎಲ್ಲ ಸಾಕ್ಷ್ಯವನ್ನು ಮುಂದೆ ಸುರಿದು, ನಿರ್ಧಾರ ನಿಮ್ಮದು ಎಂದಿತ್ತು. ತೀರ್ಮಾನ ಪ್ರಕಟವಾದದ್ದು ರಾತ್ರಿ ಎಂಟು ದಾಟಿದ ಮೇಲೆ. ವಿಲ್ಸನ್ ಮೇಲೆ ಆರೋಪವಿಲ್ಲ. ಮೆಕಲಕ್ ದೀರ್ಘವಾಗಿ, ನೀರಸವಾಗಿ ವಿವರಿಸುತ್ತಿದ್ದರೆ ಪರದೆಯ ಇನ್ನರ್ಧದಲ್ಲಿ ಜನ ಕಾರಿನ ಮೇಲೆ ಹತ್ತಿ ನಿಂತಿದ್ದರು. ಒಂದೊಂದಾಗಿ ಅಂಗಡಿಗಳು ಹೊತ್ತಿಕೊಂಡವು. ಬೆಳಗಾಗುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾಗಿದ್ದವು. ವಾರದ ಮುಂಚೆಯೇ ತುರ್ತು ಪರಿಸ್ಥಿತಿ ಘೋಷಿಸಿ ಕರೆಸಿದ್ದ ನ್ಯಾಷನಲ್ ಗಾರ್ಡ್ ಆ ರಾತ್ರಿ ಫರ್ಗುಸನ್‌ನ ಅಂಗಡಿ ಬೀದಿಯಲ್ಲಿ ಇರಲಿಲ್ಲ. ಗವರ್ನರನಿಗೆ ಎಷ್ಟು ಸಲ ಕರೆ ಮಾಡಿದರೂ ಸಿಗಲಿಲ್ಲ ಎಂದು ಮೇಯರ್ ಜೇಮ್ಸ್ ನೋಲ್ಸ್ ದೂರಿದರು. ಮರುದಿನ ಸೈನಿಕರ ಸಂಖ್ಯೆಯನ್ನು 2,200ಕ್ಕೆ ಏರಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ತನ್ನದೆಂದು ನಿರ್ವಿವಾದವಾಗಿ ಹೇಳಿಕೊಳ್ಳಬಹುದಾದ ಒಂದೇ ಒಂದು ಅಧಿಕಾರವೂ ಆ ರಾತ್ರಿ ಬೇಕಾದ ಜಾಗಕ್ಕೆ ತಲುಪಲಿಲ್ಲ.

ಇನ್ನು ಸತ್ಯದ ಪ್ರಶ್ನೆ. 2015ರ ಮಾರ್ಚ್ 4ರಂದು ಕೇಂದ್ರ ನ್ಯಾಯ ಇಲಾಖೆ ಎರಡು ವರದಿಗಳನ್ನು ಒಟ್ಟಿಗೆ ಬಿಡುಗಡೆ ಮಾಡಿತು. ಬ್ರೌನ್ ಕೈ ಮೇಲೆತ್ತಿ ಶರಣಾಗಿದ್ದ ಎಂಬ ಹೇಳಿಕೆಗಳಿಗೆ ಭೌತಿಕ ಸಾಕ್ಷ್ಯದ ಬೆಂಬಲವಿಲ್ಲ, ವಿಲ್ಸನ್ ಮೇಲೆ ಮೊಕದ್ದಮೆ ಹೂಡಲಾಗದು ಎಂದಿತು ಒಂದು. ಒಬಾಮಾ ಸರ್ಕಾರದ, ಎರಿಕ್ ಹೋಲ್ಡರ್ ನೇತೃತ್ವದ ಇಲಾಖೆ ಹೇಳಿದ ಮಾತು ಇದು, ಹಾಗಾಗಿ ಪಕ್ಷಪಾತ ಎಂದು ತಳ್ಳಿಹಾಕುವುದು ಕಷ್ಟ. ಫರ್ಗುಸನ್ ಪೊಲೀಸರು ವರ್ಷಗಟ್ಟಲೆ ಏನು ಮಾಡುತ್ತಿದ್ದರು ಎಂಬುದನ್ನು ಇನ್ನೊಂದು ವರದಿ ಬಿಚ್ಚಿಟ್ಟಿತು. ಜನಸಂಖ್ಯೆಯಲ್ಲಿ 67 ಶೇಕಡಾ ಇದ್ದ ಕಪ್ಪು ಜನ, ತಡೆದು ನಿಲ್ಲಿಸಿದ ವಾಹನ ಚಾಲಕರಲ್ಲಿ 85 ಶೇಕಡಾ, ಬಂಧಿತರಲ್ಲಿ 93 ಶೇಕಡಾ. ಸುಮಾರು 1.33 ಕೋಟಿ ಡಾಲರ್ ಆದಾಯದ ಊರು ದಂಡ ಮತ್ತು ಕೋರ್ಟ್ ಶುಲ್ಕದಿಂದಲೇ 31 ಲಕ್ಷ ಡಾಲರ್‌ನಷ್ಟು ಎತ್ತಲು ಲೆಕ್ಕ ಹಾಕಿತ್ತು. ಹುಲ್ಲು ಉದ್ದ ಬೆಳೆದಿದೆ ಎಂದೂ ದಂಡ. ಪೊಲೀಸನ ಕೈಗೆ ರಸೀದಿ ಪುಸ್ತಕ ಕೊಟ್ಟು ಬೀದಿಗೆ ಬಿಟ್ಟಿದ್ದರು.

ಹಾಗಾದರೆ ಮೆಕಲಕ್ ಜಾಗದಲ್ಲಿ ಬೇರೆಯವರಿದ್ದರೂ ಫಲ ಅದೇ ಆಗಿರುತ್ತಿತ್ತೇ? ಬಹುಶಃ ಹೌದು. 2018ರಲ್ಲಿ ಮೆಕಲಕ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಿ ಆ ಹುದ್ದೆಗೆ ಬಂದವರು ಫರ್ಗುಸನ್‌ನ ಕೌನ್ಸಿಲ್ ಸದಸ್ಯರಾಗಿದ್ದ ಕಪ್ಪು ವಕೀಲ ವೆಸ್ಲಿ ಬೆಲ್. ಅವರೂ ಕಡತವನ್ನು ಮತ್ತೆ ತೆರೆದು ಪರಿಶೀಲಿಸಿ, 2020ರ ಜುಲೈನಲ್ಲಿ, ವಿಲ್ಸನ್ ಮೇಲೆ ಆರೋಪ ಹೊರಿಸುವಷ್ಟು ಸಾಕ್ಷ್ಯವಿಲ್ಲ ಎಂದರು. ಅಂದು ಒಂದು ಕಟ್ಟಡವೂ ಉರಿಯಲಿಲ್ಲ. ಆರು ವರ್ಷ ಕಳೆದಿತ್ತು, ಕಾಲ ಬೇರೆಯಾಗಿತ್ತು ಎಂದು ವಾದಿಸಬಹುದು, ಒಪ್ಪುತ್ತೇನೆ. ಆದರೂ ನಿಕ್ಸನ್ ಸಮರ್ಥಕರು ಬೆಲ್ ತೀರ್ಮಾನವನ್ನು ತೋರಿಸಿ ‘ನೋಡಿ, ಗವರ್ನರ್ ಸುಮ್ಮನಿದ್ದದ್ದೇ ಸರಿ’ ಎಂದಾಗ ನನಗೆ ಅದು ತಲೆಕೆಳಗಾದ ತರ್ಕ ಎನಿಸುತ್ತದೆ. ಉತ್ತರ ಅದೇ ಆಗುವುದಿದ್ದರೆ, ನಂಬಿಕೆಗೆ ಅರ್ಹನಾದವನಿಂದ ಅದನ್ನು ಹೇಳಿಸುವುದಕ್ಕೆ ಇದ್ದ ಅಡ್ಡಿಯೇನು?

ಬೇರೆ ರಾಜ್ಯಗಳು ಮಿಸೌರಿಯನ್ನು ನೋಡಿ ಕಲಿತವೋ, ತಮ್ಮದೇ ಪೆಟ್ಟು ತಿಂದು ಕಲಿತವೋ, ಕಲಿತದ್ದಂತೂ ಹೌದು. ನ್ಯೂಯಾರ್ಕಿನಲ್ಲಿ ಪೊಲೀಸರ ಹಿಡಿತದಲ್ಲಿ ಉಸಿರುಗಟ್ಟಿ ಸತ್ತ ಎರಿಕ್ ಗಾರ್ನರ್ ಪ್ರಕರಣದಲ್ಲೂ ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸದಿದ್ದಾಗ, 2015ರ ಜುಲೈನಲ್ಲಿ ಗವರ್ನರ್ ಆಂಡ್ರ್ಯೂ ಕ್ಯುಮೊ ಒಂದು ಆದೇಶ ಹೊರಡಿಸಿದರು. ಪೊಲೀಸರಿಂದ ನಿರಾಯುಧರು ಸತ್ತ ಪ್ರಕರಣಗಳು ಸ್ಥಳೀಯ ಪ್ರಾಸಿಕ್ಯೂಟರ್ ಬದಲು ಅಟಾರ್ನಿ ಜನರಲ್ ಕೈಗೆ ಹೋದವು. ಕೆಲವು ಪ್ರಾಸಿಕ್ಯೂಟರ್‌ಗಳು ಕೂಗಾಡಿದರು, ಆದೇಶ ನಿಂತಿತು, 2020ರಲ್ಲಿ ಅದು ಕಾನೂನೇ ಆಯಿತು. ಮಿನ್ನೆಸೋಟದಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ವಾರದೊಳಗೆ, 2020ರ ಮೇ 31ರಂದು, ಗವರ್ನರ್ ಟಿಮ್ ವಾಲ್ಜ್ ಪ್ರಕರಣವನ್ನು ಅಟಾರ್ನಿ ಜನರಲ್ ಕೀತ್ ಎಲಿಸನ್‌ಗೆ ವಹಿಸಿದರು. ಬೀದಿಯ ಬೆಂಕಿಯ ವಿಷಯದಲ್ಲಿ ವಾಲ್ಜ್ ಕೂಡ ತಡಮಾಡಿದರು ಎಂಬ ದೂರು ಇಂದಿಗೂ ಇದೆ. ಕಡತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟರು.

ನಿಕ್ಸನ್ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಊರುಗಳು ಸಂಚಾರ ದಂಡದಿಂದ ಗಳಿಸುವ ಆದಾಯಕ್ಕೆ ಮಿತಿ ಹಾಕುವ ಕಾನೂನಿಗೆ 2015ರ ಜುಲೈನಲ್ಲಿ ಸಹಿ ಹಾಕಿದರು. ಅದರ ಮುಂಚೆ, ತಡವರಿಸಿದ ಆ ಫೋನ್ ಕರೆಯ ಮರುದಿನವೇ, ಫರ್ಗುಸನ್ ಆಯೋಗವನ್ನು ನೇಮಿಸಿದ್ದರು. ಪಾದ್ರಿ, ಪೊಲೀಸ್, ಪ್ರತಿಭಟನಕಾರರು ಸೇರಿ 16 ಜನ. ಆಯೋಗ 2015ರ ಸೆಪ್ಟೆಂಬರ್‌ನಲ್ಲಿ 189 ಶಿಫಾರಸುಗಳನ್ನು ಕೊಟ್ಟಿತು. ಪೊಲೀಸರ ಬಲಪ್ರಯೋಗದಿಂದ ಸಾವು ಸಂಭವಿಸಿದರೆ ತನಿಖೆಯನ್ನು ಹೈವೇ ಪ್ಯಾಟ್ರೋಲ್‌ಗೂ, ಮೊಕದ್ದಮೆಯನ್ನು ವಿಶೇಷ ಪ್ರಾಸಿಕ್ಯೂಟರ್ ಆಗಿ ಅಟಾರ್ನಿ ಜನರಲ್‌ಗೂ ವಹಿಸಬೇಕು ಎಂಬುದು ಅವುಗಳಲ್ಲಿ ಸೇರಿತ್ತು. ಒಂದು ವರ್ಷದ ಹಿಂದೆ ತಾನು ಮಾಡಲು ಒಪ್ಪದಿದ್ದ ಕೆಲಸವನ್ನು ತಾನೇ ನೇಮಿಸಿದ ಆಯೋಗದಿಂದ ಕೇಳಿಸಿಕೊಂಡಾಗ ಆ ಮನುಷ್ಯನಿಗೆ ಏನನಿಸಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಮಿಸೌರಿಯ ನಂತರದ ಗವರ್ನರ್‌ಗಳು ನಿಕ್ಸನ್‌ರಷ್ಟು ಸಂಕೋಚದವರಲ್ಲ. 2023ರಲ್ಲಿ ಸೇಂಟ್ ಲೂಯಿಸ್ ನಗರದ ಕಪ್ಪು ಪ್ರಾಸಿಕ್ಯೂಟರ್ ಕಿಮ್ ಗಾರ್ಡ್ನರ್ ಅವರನ್ನು ಹುದ್ದೆಯಿಂದ ಇಳಿಸಲು ಅಟಾರ್ನಿ ಜನರಲ್ ಕೋರ್ಟಿಗೆ ಹೋದರು, ಗಾರ್ಡ್ನರ್ ರಾಜೀನಾಮೆ ಕೊಟ್ಟರು, ಆ ಜಾಗಕ್ಕೆ ಗವರ್ನರ್ ಮೈಕ್ ಪಾರ್ಸನ್ ಬೇರೊಬ್ಬರನ್ನು ನೇಮಿಸಿದರು. ವೆಸ್ಲಿ ಬೆಲ್ 2024ರಲ್ಲಿ ಸಂಸತ್ತಿಗೆ ಆರಿಸಿ ಹೋದಾಗ ತೆರವಾದ ಕೌಂಟಿ ಪ್ರಾಸಿಕ್ಯೂಟರ್ ಹುದ್ದೆಗೂ ಪಾರ್ಸನ್ ತಾವು ಆರಿಸಿದವರ ಹೆಸರನ್ನೇ ಪ್ರಕಟಿಸಿದರು. ನೇಮಕ ತನ್ನ ಹಕ್ಕು ಎಂದು ಕೌಂಟಿ ಕೌನ್ಸಿಲ್ ತಕರಾರು ತೆಗೆದು ವಿಷಯ ಕೋರ್ಟಿನ ಮೆಟ್ಟಿಲೇರಿತು. 2025ರ ಮಾರ್ಚ್‌ನಲ್ಲಿ ಈಗಿನ ಗವರ್ನರ್ ಮೈಕ್ ಕೀಹೋ, ಸೇಂಟ್ ಲೂಯಿಸ್ ನಗರದ ಪೊಲೀಸರನ್ನು ಮತ್ತೆ ರಾಜ್ಯದ ಮಂಡಳಿಯ ಕೆಳಗೆ ತರುವ ಕಾನೂನಿಗೆ ಸಹಿ ಹಾಕಿದರು. 1861ರ ಏರ್ಪಾಡು 12 ವರ್ಷ ರಜೆ ಕಳೆದು ಹಿಂದಿರುಗಿದೆ. ಇನ್ನು ಮುಂದೆ ಆ ನಗರದಲ್ಲಿ ಪೊಲೀಸನೊಬ್ಬ ಗುಂಡು ಹಾರಿಸಿದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು ವರದಿಗಾರರು ನೇರವಾಗಿ ಜೆಫರ್ಸನ್ ಸಿಟಿಯಲ್ಲಿರುವ ಗವರ್ನರನ ಕಚೇರಿಗೇ ಕೇಳಬಹುದು.